ರೇಡಿಯೋ ಅಕ್ಕನ ಸಾಕ್ಷಿ

ಮಾರ್ಚ್ ೧೧, ಮಂಗಳವಾರ

ಮುರಿದ ಬಲಗೈ ಮಣಿಕಟ್ಟಿಗಿಂತ ಪರಿಹಾರಕ್ಕಾಗಿ ಇವತ್ತು ನಡೆದ ವಿಚಾರಣೆಯೇ ಹೆಚ್ಚು ಕಾಡಿತ್ತು. ಕಚೇರಿಯ ದಾಖಲೆ ಕೋಣೆಯಲ್ಲಿ ಏಣಿಯಿಂದ ಬಿದ್ದಾಗ ಯಾರೂ ನೋಡಿರಲಿಲ್ಲ. ನಾಚಿಕೆಯಾಗಿ ಸುಮ್ಮನೆ ಮನೆಗೆ ಹೊರಟಿದ್ದೆ. ಗೇಟಿನಲ್ಲಿ ಸಿಕ್ಕ ಟೈಪಿಸ್ಟ್ ಅಕ್ಕನಿಗೆ ಮಾತ್ರ ವಿಷಯ ಹೇಳಿ, ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡಿದ್ದೆ. ಕಚೇರಿಯಲ್ಲಿ ಆಕೆಗೆ ರೇಡಿಯೋ ಎಂದೇ ಹೆಸರು.

"ಮನೇಲೇ ಬಿದ್ದಿರಬಹುದಲ್ಲ?" ಎಂದರು ಸಾಹೇಬರು. ಪರಿಹಾರ ತಪ್ಪಿದ್ದರೆ ಶಸ್ತ್ರಚಿಕಿತ್ಸೆಯ ಖರ್ಚೆಲ್ಲ ಮನೆಯಲ್ಲಿ ದುಡಿಯುವ ತಂಗಿಯ ತಲೆಯ ಮೇಲೆ ಬೀಳುತ್ತಿತ್ತು.

ರೇಡಿಯೋ ಅಕ್ಕ ಎದ್ದು ನಿಂತರು. "ಅವತ್ತೇ ಎಲ್ರಿಗೂ ಹೇಳಿದೀನಿ ಸಾರ್, ಬೇಕಾದ್ರೆ ಕೇಳಿ." ಡ್ರೈವರ್ ಹೌದೆಂದ. ಕ್ಯಾಂಟೀನಿನವನೂ ಹೌದೆಂದ. "ಸಂಜೆಯೊಳಗೆ ನನಗೂ ಬಂದಿತ್ತು ಸಾರ್" ಎಂದ ಸಾಹೇಬರ ಜವಾನ. ಸಾಹೇಬರು ನಕ್ಕು, ಕೆಲಸದಲ್ಲಾದ ಗಾಯವೆಂದೇ ಬರೆದು ಸಹಿ ಹಾಕಿದರು.

ಹೊರಗೆ ಬಂದಾಗ, "ಬೈಬೇಡಪ್ಪ, ನನ್ನ ಬಾಯಿ ನಿಲ್ಲಲ್ಲ" ಎಂದರು ಅಕ್ಕ. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಇಂಥ ಹೊತ್ತಿಗೆ ಪಾತ್ರಗಳು ಪುಟಗಟ್ಟಲೆ ಮಾತಾಡುತ್ತವೆ. ನನಗೆ ಕಣ್ಣು ಮಾತ್ರ ಒದ್ದೆಯಾಯಿತು, ಅವರು ಅದನ್ನು ನೋಡಿಬಿಟ್ಟರು. ನಾಳೆ ಮಧ್ಯಾಹ್ನದೊಳಗೆ ಮೂರು ಮಹಡಿಗೂ ಗೊತ್ತಾಗಿರುತ್ತದೆ.

ಗೊತ್ತಾಗಲಿ. ಎಡಗೈ ಸೋಲುತ್ತಿದೆ, ಇನ್ನು ಬರೆಯಲಾಗದು.