ಗೇಟಿನ ಹೊರಗಿಟ್ಟ ಕಸಬರಿಗೆ

ಅವ್ವಾ,

ನೀನು ಹೋಗಿ ನಾಲ್ಕು ವರ್ಷವಾಯಿತು. ಇದ್ದಿದ್ದರೂ ನಿನಗೆ ಓದಲು ಬರುತ್ತಿರಲಿಲ್ಲ; ಅದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇವತ್ತು ಹೊಸಪೇಟೆಯ ನನ್ನ ಶಾಲೆಯಲ್ಲಿ ಮಕ್ಕಳಿಗೆ ಚಳಿಗಾಲದ ಒಲಿಂಪಿಕ್ಸ್ ತೋರಿಸಿದೆ. ಕರ್ಲಿಂಗ್ ಎಂಬ ಆಟ. ಒಬ್ಬರು ಮಂಜುಗಡ್ಡೆಯ ಮೇಲೆ ದುಂಡು ಕಲ್ಲನ್ನು ಜಾರಿಬಿಡುತ್ತಾರೆ, ಇಬ್ಬರು ಅದರ ಮುಂದೆ ಗುಡಿಸುತ್ತ ಓಡುತ್ತಾರೆ. ಗುಡಿಸಿದಷ್ಟೂ ಕಲ್ಲು ದೂರ ಹೋಗುತ್ತದೆ. ಗೆದ್ದರೆ ಗುಡಿಸಿದವರಿಗೂ ಪದಕ.

ಏಳನೇ ಕ್ಲಾಸಿನ ಸುಷ್ಮಿತಾ ಎದ್ದು ನಿಂತಳು. "ಸರ್, ನಮ್ಮವ್ವ ಬಸ್‌ಸ್ಟ್ಯಾಂಡಿನಾಗ ಕಸ ಹೊಡಿತಾಳ್ರಿ. ಆಕಿನ್ನ ಕಳಿಸಿದ್ರ ಗೋಲ್ಡು ನಮ್ದ ನೋಡ್ರಿ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. "ನಿಮ್ಮವ್ವ ಏನ್ ಮಾಡ್ತಿದ್ರು ಸರ್?"

ಕಂಪ್ಲಿಯ ರೈಸ್‌ಮಿಲ್ಲಿನ ಅಂಗಳ ಕಣ್ಣಿಗೆ ಕಟ್ಟಿತು. ನೀನು ಅಲ್ಲಿ ಗುಡಿಸಿ ತಂದ ನುಚ್ಚು ಉಂಡೇ ನಾನು ಓಡಿ ಗೆದ್ದವನು, ಪಿ.ಟಿ. ಮೇಷ್ಟ್ರಾದವನು.

"ಮನೆಯಲ್ಲೇ ಇರ್ತಿದ್ರು" ಎಂದೆ.

ನನ್ನ ಓಟ ನೋಡಲು ನೀನು ಮಿಲ್ಲಿನಿಂದ ನೇರ ಬರುತ್ತಿದ್ದೆ. ಕಸಬರಿಗೆಯನ್ನು ಶಾಲೆಯ ಗೇಟಿನ ಹೊರಗೇ ಇಟ್ಟು ಒಳಗೆ ಬರುತ್ತಿದ್ದೆ. ಹಾಗೆ ಇಟ್ಟು ಬಾ ಅಂತ ನಾನು ಒಮ್ಮೆಯೂ ಹೇಳಿರಲಿಲ್ಲ.

ನಿನಗೆ ಹೇಗೆ ಗೊತ್ತಾಯಿತು, ಅವ್ವಾ?