ನೀರು ಎಲ್ಲಿಗೆ ಬರುತ್ತದೆಂದು ಹೇಳದ ವೆಬ್‌ಸೈಟು

ನೀರು ಬಿಡುವ ಕಚೇರಿಯ ಮಾನ್ಯ ಸಾಹೇಬರೇ,

ತಮ್ಮ ವೆಬ್‌ಸೈಟು ನೋಡಿದೆ. ಬಣ್ಣ ಛಲೋ ಐತಿ. ಹೊಳೆ ಬರುತ್ತದೋ ಇಲ್ಲವೋ ಅನ್ನೋದೊಂದು ಮಾತ್ರ ಅದರಿಂದ ಯಾರಿಗೂ ತಿಳಿಯುವುದಿಲ್ಲ. ಆ ಕಾರಣಕ್ಕೆ ಹೋದ ಶ್ರಾವಣದಲ್ಲಿ ನನ್ನ ತಂಗಿಯ ಮಗ ಗಿರಿಮಲ್ಲಪ್ಪ ಹೊಳೆಯ ಪಾಲಾಗುವುದರಲ್ಲಿದ್ದ. ಇದೇ ನನ್ನ ತಕರಾರು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವ ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ನಮ್ಮದು ಜಮಖಂಡಿ ತಾಲೂಕಿನ ಹೊಳೆದಂಡೆಯ ಹಳ್ಳಿ. ಕಬ್ಬಿಗೆ ನೀರೆತ್ತುವ ಮೋಟರುಗಳೆಲ್ಲ ಕೃಷ್ಣೆಯ ದಡದಲ್ಲೇ ಕೂತಿರುತ್ತವೆ. ತಾವು ಮೇಲೆ ಅಣೆಕಟ್ಟಿನ ಗೇಟು ತೆಗೆದರೆ, ನೀರು ಬರುವುದರೊಳಗೆ ಬೋಲ್ಟು ಬಿಚ್ಚಿ, ಹಗ್ಗ ಕಟ್ಟಿ, ಟ್ರ್ಯಾಕ್ಟರಿನಿಂದ ಅವನ್ನು ದಡದ ಮೇಲಕ್ಕೆ ಎಳೆಯಬೇಕು. ಮುಂಚೆ ತಮ್ಮ ಕಚೇರಿಯಿಂದ ಊರಿಗೆ ಫೋನು ಬರುತ್ತಿತ್ತು, ನಮ್ಮ ಕಾಮಣ್ಣ ಹಲಗಿ ಬಡಿದು ಸಾರುತ್ತಿದ್ದ: "ಸಂಜೀಕ ನೀರು ಅಗಸರ ಬಂಡಿಗಲ್ಲ ಮುಣಗಸ್ತೈತಿ, ಮೋಟರ್ ಎತ್ಕೊಳ್ರಪೋ!" ಕಾಮಣ್ಣ ಕುಡಿಯುತ್ತಿದ್ದ, ತಡ ಮಾಡಿ ನನ್ನಿಂದ ಬೈಸಿಕೊಳ್ಳುತ್ತಲೂ ಇದ್ದ. ಆದರೆ ಕೇಳಿದವನಿಗೆ ಮುಂದೇನು ಮಾಡಬೇಕೆಂಬುದು ಗೊತ್ತಾಗುತ್ತಿತ್ತು. "ಇನ್ನು ಮುಂದೆ ಸಕಲ ಮಾಹಿತಿಯೂ ಜಾಲತಾಣದಲ್ಲಿ ಲಭ್ಯ" ಎಂದು ತಾವು ಅಪ್ಪಣೆ ಕೊಡಿಸಿದಿರಿ. ಹಲಗಿ ನಿಂತಿತು.

ಆವತ್ತು ಮುಂಜಾನೆ ನನ್ನ ಸೊಸೆ ಸುವರ್ಣಾ ಮೊಬೈಲಿನಲ್ಲಿ ಆ ಪುಟ ತೆಗೆದಳು. ಬಿ.ಎ. ಪಾಸಾದವಳು.

"ಮಾವಾರ, ಒಂದು ಲಕ್ಷ ಎಂಬತ್ತು ಸಾವಿರ ಕ್ಯೂಸೆಕ್ಸ್ ಅಂತ ಐತ್ರಿ."

"ಅಂದ್ರ ನೀರು ಎಲ್ಲೀತನಕ ಬರ್ತೈತಿ?"

"ಅದನ್ನ ಬರದಿಲ್ರಿ."

"ಮತ್ತೇನ ಬರದಾರ?"

"ಸಾಹೇಬರು ಸಸಿ ನೆಡೂದು ಫೋಟೋ ಐತ್ರಿ."

ಕೆಳಗೆ ಒಂದು ಸಾಲು ಇಂಗ್ಲಿಷಿನಲ್ಲಿ ಓಡುತ್ತಿತ್ತು. ಎಚ್ಚರಿಕೆ ಇದ್ದದ್ದು ಅದರೊಳಗಂತೆ. ಆಕೆ ಅರ್ಧ ಓದುವುದರೊಳಗೆ ಅದು ಪರದೆ ದಾಟಿ ಹೋಗಿಬಿಡುತ್ತಿತ್ತು. ಎಚ್ಚರಿಕೆ ಯಾಕೆ ಓಡಬೇಕು ಸಾಹೇಬರೇ? ಓಡಬೇಕಾದವರು ನಾವಲ್ಲವೇ? ಗೇಟಿನ ಚಿತ್ರದ ಪಕ್ಕ ಒಂದು ಹಸಿರು ಚುಕ್ಕೆ ಇತ್ತು. ಗಿರಿಮಲ್ಲ ಅದನ್ನು ನೋಡಿ, "ಹಸರ ಐತಿ ಮಾಮಾ, ಸುಮ್ನ ಗಾಬರಿ ಆಗಬ್ಯಾಡ" ಎಂದ. ನಾನೂ ನಂಬಿದೆ. ಹಸಿರು ಕಂಡರೆ ಯಾರು ತಾನೇ ನಂಬುವುದಿಲ್ಲ?

ಮಧ್ಯಾಹ್ನಕ್ಕೆ ಗಿರಿಮಲ್ಲನ ಮೋಟರು ಅರ್ಧ ಮುಳುಗಿತ್ತು. ಅವನು ನಡಕ್ಕೆ ಹಗ್ಗ ಬಿಗಿದುಕೊಂಡು ಬೋಲ್ಟು ಬಿಚ್ಚುವ ಪಾನ ಹಿಡಿದು ಇಳಿದ.

"ಹಾಳಾಗಿ ಹೋಗ್ಲಿ ಬಿಡಲೇ, ಮ್ಯಾಲ ಬಾ!"

"ಎರಡ ಬೋಲ್ಟ್ ಅಷ್ಟ, ಮಾಮಾ."

ಸೆಳವು ಅವನನ್ನು ಜಾಲಿಗಿಡಕ್ಕೆ ಬಡಿಯಿತು. ನಾನು, ಅವನ ಹೆಂಡತಿ ರಾಜಶ್ರೀ ಇಬ್ಬರೇ ಹಗ್ಗ ಜಗ್ಗಿದೆವು. ಹೆಗಲು ಮುರಿದುಕೊಂಡು ಬಂದ. ಮೋಟರು ಹೋಯಿತು.

ತಮ್ಮ ಕಚೇರಿಗೆ ಬಂದು ಕೇಳಿದೆ. ಹಸಿರು ಚುಕ್ಕೆ ಎಂದರೆ ಗೇಟು ಸುಸೂತ್ರವಾಗಿ ಮೇಲೆದ್ದಿದೆ ಎಂದರ್ಥವಂತೆ! ತಮ್ಮ ಯಂತ್ರದ ಕ್ಷೇಮಸಮಾಚಾರವನ್ನು ನಮಗೆ ತಿಳಿಸಿದ ಸೌಜನ್ಯಕ್ಕೆ ಕೃತಜ್ಞ. "ದೂರು ಇದ್ರ ವೆಬ್‌ಸೈಟಿನ್ಯಾಗ ಹಾಕ್ರಿ ಅಜ್ಜಾರ" ಎಂದರು. ಸುವರ್ಣಾ ಕನ್ನಡದಲ್ಲಿ ಬರೆದು ಒತ್ತಿದಳು. ತಪ್ಪು ಅಕ್ಷರ ಎಂದಿತು. ನನ್ನ ಇ-ಮೇಲ್ ವಿಳಾಸ ಬೇಕೆಂದಿತು. ನನ್ನ ವಿಳಾಸ ಹೊಳೆದಂಡೆ, ಅದು ಅದಕ್ಕೆ ಸಾಲಲಿಲ್ಲ. ಈ ಪುಟ ಕಟ್ಟಿದವರು ಒಮ್ಮೆಯಾದರೂ ದಡಕ್ಕೆ ಬಂದು, ಇದನ್ನು ಯಾರು, ಎಂಥ ಹೊತ್ತಿನಲ್ಲಿ ನೋಡುತ್ತಾರೆ, ನೋಡಿ ಏನು ಮಾಡಬೇಕು ಎಂದು ಕೇಳಿದ್ದರೇ? ನೋಡುವವನಿಗಲ್ಲದೆ ಮತ್ತಾರಿಗೆ ಕಟ್ಟಿದರು?

ಈಗ ಮತ್ತೆ ಮಳೆ ಹಿಡಿದಿದೆ. ಗಿರಿಮಲ್ಲ ಹೊಸ ಮೋಟರು ಕೂರಿಸಿದ್ದಾನೆ. ಬಲಗೈ ಹೆಗಲ ಮೇಲಕ್ಕೆ ಏಳುವುದಿಲ್ಲ, ಆದರೂ "ನೀರ ಬಂದ್ರ ಮತ್ತ ಇಳಿತೇನಿ" ಅನ್ನುತ್ತಾನೆ. ಬೈದು ನೋಡಿದೆ, ಕೈ ಮುಗಿದೂ ನೋಡಿದೆ. ಕೇಳುವುದಿಲ್ಲ. ರಾಜಶ್ರೀ ನನ್ನ ಮುಖ ನೋಡುತ್ತಾಳೆ.

ಪುಟ ತೆರೆದ ಕೂಡಲೇ, ಎಲ್ಲಕ್ಕಿಂತ ಮೇಲೆ, ನಿಂತ ಅಕ್ಷರದಲ್ಲಿ, ಕನ್ನಡದಲ್ಲಿ ಹಾಕಿಸಿ: ಯಾವ ಊರಿಗೆ, ಎಷ್ಟು ಹೊತ್ತಿಗೆ, ಎಲ್ಲೀತನಕ ನೀರು. ಅಷ್ಟೇ ಸಾಕು. ಅದು ತಮ್ಮಿಂದ ಆಗದಿದ್ದರೆ ಆಗುವುದಿಲ್ಲ ಎಂದಾದರೂ ಬರೆಯಿರಿ, ಅವನು ಇಳಿಯುವ ಮೊದಲು.

ಇಂತಿ,
ಸಿಟ್ಟೊಂದು ಬಿಟ್ಟರೆ ಬೇರೆ ಬಲವಿಲ್ಲದ
ಚನಮಲ್ಲಪ್ಪ