ಕೆಂಪು ಬಾಗಿಲಿನ ರಸೀದಿ

ಗ್ಲೆಂಡಾಳ ಮನೆ
ಅಕ್ಟೋಬರ್ ೧೯, ಶನಿವಾರ

ಡ್ವೈಟ್,

ನಾನು ಚೆನ್ನಾಗಿದ್ದೇನೆ. ನಿನ್ನ ತಂಗಿ ಗ್ಲೆಂಡಾಳೂ ಚೆನ್ನಾಗಿದ್ದಾಳೆ, ಅವಳ ಅಡುಗೆ ಮಾತ್ರ ಇನ್ನೂ ಸುಧಾರಿಸಿಲ್ಲ. ಒಂದೂವರೆ ವರ್ಷದ ಕ್ಷೇಮ ಸಮಾಚಾರ ಇಷ್ಟು ಸಾಕು, ವಿಷಯಕ್ಕೆ ಬರುತ್ತೇನೆ. ಜೀಪಿಗೆ ಟೈಟಲ್, ಅಂದರೆ ಒಡೆತನದ ಪತ್ರ, ಸಿಕ್ಕಿತು! ಜಿಂಕೆ ಅಡ್ಡ ಬಂದು ಹಳ್ಳಕ್ಕೆ ಉರುಳಿದ್ದ, ವಿಮೆಯವರು ಕೈಬಿಟ್ಟು ಕಾಗದದ ಮೇಲೆ ‘ಸಾಲ್ವೇಜ್’, ಅಂದರೆ ಗುಜರಿ, ಎಂದು ಅಚ್ಚೊತ್ತಿದ್ದ ಅದೇ ಜೀಪು. ಈಗ ಅಲ್ಲಿ ‘ರೀಬಿಲ್ಟ್’, ಮತ್ತೆ ಕಟ್ಟಿದ್ದು, ಎಂದಿದೆ. ನಿನ್ನೆಯಿಂದ ಆ ಕಾಗದವನ್ನು ಎಷ್ಟು ಸಲ ತೆಗೆದು ನೋಡಿದೆನೋ ನನಗೇ ಗೊತ್ತಿಲ್ಲ.

ನಾನು ಅದನ್ನು ಕೊಂಡ ವಾರ ಚರ್ಚಿನ ಊಟದಲ್ಲಿ ಎಲ್ಲರ ಎದುರು ನೀನು ಅಂದದ್ದು ನೆನಪಿದೆಯೆ? “ಇದು ಎದ್ದು ಓಡೋದು ಅಷ್ಟರಲ್ಲೇ ಇದೆ. ಕೋಳಿ ಗೂಡಿಗಾಗುತ್ತೆ, ಬಿಡಿ.” ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಆಲೂಗಡ್ಡೆ ಸಲಾಡಿನ ಬೋಗುಣಿ ಮೇಜಿನ ಮೇಲಿಟ್ಟು ನೇರ ಗ್ಲೆಂಡಾಳ ಮನೆಗೆ ಬಂದೆ. ಜಗಳ ಜೀಪಿನದಲ್ಲ ಎಂದು ನಿನಗೂ ಗೊತ್ತು. ನನ್ನ ಕೈಯಲ್ಲಿ ಏನೂ ಆಗದು ಎಂಬುದು ಇಪ್ಪತ್ತಾರು ವರ್ಷ ನಿನಗೆ ತಮಾಷೆಯಾಗಿತ್ತು. ನನಗೆ ಸಾಕಾಗಿ ಹೋಗಿತ್ತು.

ನನಗೆ ಸಿಗಲಿದ್ದ ಕೆಲಸ ಹಳ್ಳಿ ರೂಟಿನಲ್ಲಿ ಅಂಚೆ ಹಂಚುವುದು, ಅದಕ್ಕೆ ಗಾಡಿ ನಮ್ಮದೇ ಇರಬೇಕು. ಕೂತಲ್ಲಿಂದಲೇ ರಸ್ತೆ ಬದಿಯ ಡಬ್ಬಿಗೆ ಕೈ ಎಟುಕುವಂತೆ ಬಲಗಡೆ ಸ್ಟೀರಿಂಗ್ ಇರುವ ಗಾಡಿ ಈ ಕೌಂಟಿಯಲ್ಲಿ ಸಿಗುವುದೇ ಅಪರೂಪ, ಅದಕ್ಕೇ ಆ ಮುರುಕಲು ಜೀಪನ್ನು ಬಿಡಲಿಲ್ಲ. ಶುಕ್ರವಾರದೊಳಗೆ ನಂಬರ್ ಪ್ಲೇಟ್ ತೋರಿಸದಿದ್ದರೆ ಕೆಲಸ ಪಟ್ಟಿಯಲ್ಲಿರುವ ಮುಂದಿನವರಿಗೆ ಎಂದು ಪೋಸ್ಟ್‌ಮಾಸ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಳು. ನನಗೆ ತಪಾಸಣೆಗೆ ದಿನ ಸಿಕ್ಕಿದ್ದು ಬುಧವಾರ.

ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಗಾಡಿಯಾದರೂ ತಪಾಸಣೆ ಆಗುವವರೆಗೆ ರಸ್ತೆಗಿಳಿಯುವಂತಿಲ್ಲ. ಗ್ಲೆಂಡಾಳ ಟ್ರೇಲರಿನ ಮೇಲೆ ಏರಿಸಿ, ಮದುವಣಗಿತ್ತಿಯನ್ನು ಕರೆದೊಯ್ಯುವಂತೆ ನಿಧಾನವಾಗಿ ಕರೆದುಕೊಂಡು ಹೋದೆವು. ಅಲ್ಲಿದ್ದವನು ಹೈವೇ ಪೊಲೀಸಿನ ಟಕೆಟ್ ಎಂಬವನು, ನಗು ಎಂದರೇನೆಂದೇ ತಿಳಿಯದ ಮನುಷ್ಯ. ಕದ್ದ ಬಿಡಿಭಾಗ ಏನಾದರೂ ಇದೆಯೇ ಎಂದು ನೋಡುವುದೇ ಅವನ ಕೆಲಸ, ಆದ್ದರಿಂದ ಒಂದೊಂದಕ್ಕೂ ರಸೀದಿ ಕೇಳುತ್ತಾನೆ. ರೇಡಿಯೇಟರ್, ದೀಪ, ಬಾನೆಟ್, ಎಲ್ಲದಕ್ಕೂ ತೋರಿಸಿದೆ. ನನ್ನ ಬಿಳಿ ಜೀಪನ್ನು ಸುತ್ತಿ ಬಂದು ಎಡಗಡೆಯ ಕೆಂಪು ಬಾಗಿಲ ಮುಂದೆ ನಿಂತ. “ಇದು ಎಲ್ಲಿಂದ ಬಂತಮ್ಮ?”

ಈಗ ತಪ್ಪೊಪ್ಪಿಗೆ. ಆಗಸ್ಟ್‌ನಲ್ಲಿ ಒಂದು ಭಾನುವಾರ, ನೀನು ಚರ್ಚಿನಲ್ಲಿದ್ದಾಗ, ನಿನ್ನ ಕೊಟ್ಟಿಗೆಯ ಹಿಂದಿನ ಹಳೆ ಕೆಂಪು ಜೀಪಿನ ಬಾಗಿಲು ಹೊತ್ತು ತಂದವಳು ನಾನೇ. ಸ್ಪ್ಯಾನರ್ ಹಿಡಿದು ಹೋದರೆ, ಬಾಗಿಲನ್ನು ಯಾರೋ ಆಗಲೇ ಬಿಚ್ಚಿ, ಕಂಬಳಿ ಸುತ್ತಿ ಗೋಡೆಗೆ ಒರಗಿಸಿದ್ದರು. ಅದೃಷ್ಟ ಖುಲಾಯಿಸಿತು ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ. ನಿನ್ನ ಹತ್ತಿರ ರಸೀದಿ ಕೇಳಲು ಹಟ ಬಿಡಲಿಲ್ಲ. ಬಣ್ಣ ಬಳಿಯಲು ಪುರಸೊತ್ತೂ ಆಗಲಿಲ್ಲ. ಬಿಳಿ ಗಾಡಿಯ ಕೆಂಪು ಬಾಗಿಲು ಟಕೆಟ್‌ನ ಕಣ್ಣಿಗೆ ಬೀಳಲಿಕ್ಕಿಲ್ಲ ಎಂದು ನಂಬಿದ ಬುದ್ಧಿವಂತೆ ನಾನು.

ನನ್ನ ಗಂಡನ ಕೊಟ್ಟಿಗೆಯಿಂದ ಬಂತು ಎಂದೆ. ಗಂಡ ಎಂಬ ಮಾತು ಬಾಯಿಗೆ ಬಂದು ಎಷ್ಟು ದಿನವಾಗಿತ್ತೋ. ಕಾಗದ ಇದೆಯೇ ಎಂದ. ಇಲ್ಲ ಎಂದೆ. ಅವನು ಪೆನ್ನಿಗೆ ಮುಚ್ಚಳ ಹಾಕಿದ. “ಅದಿಲ್ದೆ ಪಾಸ್ ಮಾಡೋಕಾಗಲ್ಲಮ್ಮ. ಮುಂದಿನ ತಿಂಗಳು ಬನ್ನಿ.” ಮುಂದಿನ ತಿಂಗಳಿಗೆ ನನ್ನ ರೂಟಿನಲ್ಲಿ ಬೇರೆ ಯಾರೋ ಓಡಾಡುತ್ತಿರುತ್ತಾರೆ.

ಬಾಗಿಲ ಒಳಗೇನಾದರೂ ನಂಬರ್ ಇದೆಯೇ ಎಂದು ನೋಡಲು ಅವನು ಅದನ್ನು ತೆರೆದ. ಬಾಗಿಲ ಜೇಬಿನಲ್ಲಿ ನಾನು ತುರುಕಿದ್ದ ಒರೆಸುವ ಬಟ್ಟೆಗಳನ್ನೆಲ್ಲ ಎಳೆದು ಹಾಕಿದ. ಅವುಗಳ ಅಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಕಾಗದವೊಂದು ಬಂತು. ಅವನು ಓದಿ ನನ್ನ ಕಡೆ ಹಿಡಿದ. ಕೆಂಪು ಜೀಪಿನ ಪೂರ್ತಿ ಚಾಸಿ ನಂಬರ್, ನಿನ್ನ ಸಹಿ, ನಾನು ಕದಿಯಲು ಬಂದ ದಿನದ ಹಿಂದಿನ ತಾರೀಖು. ಮೇಲೆ ನಿನ್ನ ಕೋಳಿಕಾಲು ಅಕ್ಷರದಲ್ಲಿ, ‘ಕೊಡುಗೆ: ನನ್ನ ಹೆಂಡತಿ ರೊಂಡಾಗೆ.’

“ಇಷ್ಟು ಅಚ್ಚುಕಟ್ಟಾದ ಕಳ್ತನ ನಾನು ನೋಡೇ ಇಲ್ಲ” ಎಂದ ಟಕೆಟ್. ಆಮೇಲೆ ನಕ್ಕ, ನಂಬು.

ಗ್ಲೆಂಡಾ ಗೊಳೋ ಎಂದು ಅತ್ತಳು. ಜೀಪಿನ ಸುದ್ದಿಯನ್ನೆಲ್ಲ ನಿನಗೆ ಮುಟ್ಟಿಸುತ್ತಿದ್ದವಳು ತಾನೇ ಎಂದು ಅಲ್ಲೇ ಒಪ್ಪಿಕೊಂಡಳು. ನಾನು ಅಳಲಿಲ್ಲ, ಕಣ್ಣಿಗೆ ದೂಳು ಬಿತ್ತು ಅಷ್ಟೆ. ನಿನ್ನೆ ಟೈಟಲ್, ಪ್ಲೇಟ್ ಎರಡೂ ಕೈಗೆ ಬಂದವು. ಸಂಜೆ ನಾಲ್ಕಕ್ಕೆ ಪೋಸ್ಟ್‌ಮಾಸ್ಟರಮ್ಮನ ಕಿಟಕಿಯ ಎದುರೇ ಜೀಪು ನಿಲ್ಲಿಸಿ ಮೂರು ಸಲ ಹಾರ್ನ್ ಬಾರಿಸಿದೆ. ಸೋಮವಾರದಿಂದ ರೂಟು ನನ್ನದು.

ಕೋಪವೆಲ್ಲ ಕರಗಿತು ಎಂದು ತಿಳಿಯಬೇಡ. ಹತ್ತು ಜನರ ಎದುರು ಆಡಿದ ಮಾತನ್ನು ಹತ್ತು ಜನರ ಎದುರೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಬಾಗಿಲ ಜೇಬಿನಲ್ಲಿ ಬಚ್ಚಿಟ್ಟಲ್ಲ. ಆದರೆ ಟಕೆಟ್ ಆ ಕಾಗದವನ್ನು ಫೈಲಿಗೆ ಸೇರಿಸುವ ಮೊದಲು ಒಂದು ನಕಲು ಮಾಡಿಸಿಕೊಂಡಿದ್ದೇನೆ.

ಇಂತಿ,
ರೊಂಡಾ
(ಯಾರ ಹೆಂಡತಿ ಎಂದು ನೀನೇ ಬರೆದುಕೊಟ್ಟಿದ್ದೀಯಲ್ಲ)

ತಾ.ಕ.: ಲಕೋಟೆಗೆ ಸ್ಟಾಂಪ್ ಹಚ್ಚಿದ್ದೇನೆ, ಸ್ಟಾಂಪಿಲ್ಲದ್ದನ್ನು ಡಬ್ಬಿಗೆ ಹಾಕುವಂತಿಲ್ಲ. ಹೌದು, ನಿನ್ನ ಗುಡ್ಡದ ರಸ್ತೆ ನನ್ನ ರೂಟಿನದೇ, ಸೋಮವಾರ ಇದನ್ನು ಹಾಕಿದವಳೂ ನಾನೇ. ನೀನು ಓದಿ ಮುಗಿಸುವಷ್ಟರಲ್ಲಿ ಮೇಲಿನ ಕೊನೆಯ ಮನೆಯಲ್ಲಿರುತ್ತೇನೆ. ಅಲ್ಲಿಂದ ಮುಂದೆ ರಸ್ತೆಯಿಲ್ಲ, ನಿನ್ನ ಗೇಟಿನ ಮುಂದೆಯೇ ವಾಪಸ್ ಬರಬೇಕು. ನಾನು ಕೂರುವುದು ಬಲಗಡೆ, ನಿನ್ನ ಕೆಂಪು ಬಾಗಿಲು ಇರುವುದು ಖಾಲಿ ಸೀಟಿನ ಕಡೆ. ಡ್ಯೂಟಿಯಲ್ಲಿರುವಾಗ ಯಾರನ್ನೂ ಹತ್ತಿಸಿಕೊಳ್ಳುವಂತಿಲ್ಲ. ಐದು ಗಂಟೆಗೆ ಡ್ಯೂಟಿ ಮುಗಿಯುತ್ತದೆ.